ಹೆಡ್‌ಲೈನ್ ಬದಲಿಸುವ ಪಾಠ

ಆ ಭಾನುವಾರ ಎಲ್ಲರಿಗಿಂತ ಜೋರಾಗಿ ನಕ್ಕವಳು ಪದ್ಮಶ್ರೀಯೇ.

ಜಕ್ಕೂರಿನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವಳು ವೆಬ್ ಪುಟ ಮಾಡುವುದನ್ನು ಕಲಿಸುತ್ತಿದ್ದಳು. ಪುಸ್ತಕವಿಲ್ಲ, ನೋಟ್ಸ್ ಇಲ್ಲ. ಇರುವ ಪುಟವನ್ನೇ ಬಿಚ್ಚಿ, ಕೆಡಿಸಿ, ಆಡಿ ಕಲಿಯಿರಿ ಎನ್ನುವುದೇ ಪಾಠ. ಯಾವುದಾದರೂ ಪತ್ರಿಕೆಯ ಪುಟ ತೆರೆಯಿರಿ, ರೈಟ್ ಕ್ಲಿಕ್ ಮಾಡಿ ಒಳಗಿನ ಕೋಡ್ ನೋಡಿ, ಹೆಡ್‌ಲೈನ್ ಅಳಿಸಿ ಬೇಕಾದ್ದು ಬರೆಯಿರಿ. ಬದಲಾಗುವುದು ನಿಮ್ಮ ಪರದೆಯಲ್ಲಿ ಮಾತ್ರ, ಪತ್ರಿಕೆಯವರಿಗೆ ಗೊತ್ತೂ ಆಗುವುದಿಲ್ಲ.

ಟೈಲರ್ ರಾಧಾಮಣಿ ‘ಸೋಮವಾರದಿಂದ ಗಂಡಸರಿಗೆ ಅಡುಗೆ ಕಡ್ಡಾಯ’ ಎಂದು ಬರೆದಳು. ನೀರಿನ ಕ್ಯಾನ್ ಹಾಕುವ ಮುನೇಶನಿಗೆ ಸಿಕ್ಕಿದ್ದು ಪೊಲೀಸರ ಮನವಿ: ‘ಮಕ್ಕಳ ಕಳ್ಳರ ವದಂತಿ ನಂಬಬೇಡಿ’. ಅದು 2018ರ ಬೇಸಿಗೆ, ವಾಟ್ಸಾಪ್ ತುಂಬ ಅದೇ ಸುದ್ದಿ. ಪಕ್ಕದಲ್ಲಿ ಅವನ ಗೆಳೆಯ, ಎಸಿ ಮೆಕ್ಯಾನಿಕ್ ಅಜ್ಜು, ಎಲ್ಲರ ಬಿಸ್ಕತ್ತನ್ನೂ ತಿಂದು ಮುಗಿಸಿದ್ದ. ಮುನೇಶ ‘ವದಂತಿ ನಂಬಬೇಡಿ’ ಎಂಬುದನ್ನು ಅಳಿಸಿ ಗೆಳೆಯನ ಹೆಸರು ಬರೆದ. ಅಧಿಕಾರಿಯ ಫೋಟೊ ಇದ್ದಲ್ಲಿ ಅಜ್ಜುವಿನ ಮುಖ ಕೂರಿಸಿದ. ‘ಮಕ್ಕಳ ಕಳ್ಳ ಅಜ್ಜು ಸಿಕ್ಕಿಬಿದ್ದ.’

“ನಾನಾ? ಮಕ್ಳೇ ನನ್ನ ಎತ್ಕೊಂಡ್ ಹೋಗ್ತವೆ ಮಗಾ,” ಎಂದ ಅಜ್ಜು.

“ಫೋಟೊ ಬದಲಾಯಿಸೋದು ನಾನಿನ್ನೂ ಹೇಳ್ಕೊಟ್ಟೇ ಇಲ್ಲ. ಸೂಪರ್ ಕಣೋ!” ಎಂದಳು ಪದ್ಮಶ್ರೀ.

ಮುನೇಶ ಪರದೆಯ ಚಿತ್ರ ತೆಗೆದು ಗೆಳೆಯರ ಗುಂಪಿಗೆ ಹಾಕಿದ. ಅವಳು ನೋಡಿದಳು, ಬೇಡ ಎನ್ನಲಿಲ್ಲ.

ಬುಧವಾರ ಮಧ್ಯಾಹ್ನ ಮುನೇಶನ ಫೋನ್ ಬಂತು. “ಮಿಸ್, ಯಲಹಂಕದ ಹಿಂದ್ಗಡೆ ಲೇಔಟಲ್ಲಿ ಅಜ್ಜುನ ಕಂಬಕ್ಕೆ ಕಟ್ಟವ್ರೆ. ಎಸಿ ರಿಪೇರಿಗೆ ಓಗಿದ್ದ. ಆ ಫೋಟೊ ಗುಂಪಿಂದ ಗುಂಪಿಗೆ ಓಗಿ ಇಲ್ಲಿಗೂ ಬಂದೈತೆ, ಅದ್ನೇ ಇಟ್ಕಂಡು ಒಡೀತಾವ್ರೆ. ತಮಾಷೆಗೆ ಮಾಡಿದ್ದು ಅಂದ್ರೆ ನಂಗೂ ಏಟು ಬಿದ್ವು. ಪೊಲೀಸ್ರು ದಾರೀಲವ್ರಂತೆ. ಅಷ್ಟೊತ್ತು ಅವ್ನು ಉಳಿಯಲ್ಲ ಮಿಸ್!”

ಅವಳು ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದಳು.

ಅವಳು ತಲುಪುವಷ್ಟರಲ್ಲಿ ಅಜ್ಜುವಿನ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಂದ ರಕ್ತದ ಜೊತೆ ಹಲ್ಲಿನ ಚೂರು ಇಳಿಯುತ್ತಿತ್ತು. ಎತ್ತರದ ಯುವಕನೊಬ್ಬ ಮರದ ರೀಪರ್ ಪಟ್ಟಿಯಿಂದ ಅವನ ಮೊಣಕಾಲಿಗೆ ಬಾರಿಸುತ್ತಿದ್ದ. ಪ್ರತಿ ಏಟಿಗೂ ಹಸಿ ಕೊಂಬೆ ಮುರಿದಂಥ ಸದ್ದು. ನಲವತ್ತೈವತ್ತು ಜನ. ಅರ್ಧ ಜನರ ಕೈಯಲ್ಲಿ ಫೋನು, ಉಳಿದವರ ಕೈಯಲ್ಲಿ ಕಲ್ಲು.

“ಅದು ನಿಜವಾದ ಸುದ್ದಿ ಅಲ್ಲ!” ಪದ್ಮಶ್ರೀ ನುಗ್ಗಿದಳು. “ನಮ್ ಕ್ಲಾಸಲ್ಲಿ ಮಾಡಿದ್ದು. ಯಾರ್ ಹೆಸರು ಬೇಕಾದ್ರೂ ಬರುತ್ತೆ. ತೋರಿಸ್ತೀನಿ, ಎರಡೇ ನಿಮಿಷ!”

“ತೋರ್ಸಮ್ಮ, ನೋಡೇಬಿಡೋಣ,” ಎಂದ ಪಟ್ಟಿಯವನು.

ಸ್ಕೂಟರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅದೇ ಪುಟ ತೆರೆದಳು.

“ನಿಮ್ ಹೆಸರೇನಣ್ಣ?”

“ಪುನೀತ್. ಯಾಕೆ?”

ಟೈಪ್ ಮಾಡಿ, ಎಲ್ಲರಿಗೂ ಕಾಣುವಂತೆ ಪರದೆಯನ್ನು ತಲೆಯ ಮೇಲೆತ್ತಿ ಹಿಡಿದಳು. ‘ಮಕ್ಕಳ ಕಳ್ಳ ಪುನೀತ್ ಸಿಕ್ಕಿಬಿದ್ದ.’

ಮುಂದಿದ್ದ ನಾಲ್ವರಿಗೆ ಅರ್ಥವಾಯಿತು. ಹಿಂದಿದ್ದವರಿಗೆ ಅವಳು ಟೈಪ್ ಮಾಡಿದ್ದು ಕಂಡಿರಲಿಲ್ಲ, ಅಕ್ಷರಗಳಷ್ಟೇ ಕಂಡವು.

“ಏಯ್, ಪುನೀತನೂ ಸೇರವ್ನಂತೆ ಕಣ್ರೋ! ಪೇಪರಲ್ಲೇ ಬಂದೈತೆ!”

ಮೊದಲ ಕಲ್ಲು ಪುನೀತನ ಕಿವಿಗೆ ಬಿತ್ತು. “ಲೋ, ನಾನ್ ಇಲ್ಲೇ ಹುಟ್ಟಿದೋನು ಕಣ್ರೋ!” ಎನ್ನುವಷ್ಟರಲ್ಲಿ ಪಟ್ಟಿ ಇನ್ನೊಬ್ಬನ ಕೈಗೆ ಹೋಗಿತ್ತು. ಜನ ಕಂಬ ಬಿಟ್ಟು ಅವನ ಮೇಲೆ ಮುಗಿಬಿದ್ದರು. ನೂಕುನುಗ್ಗಲಿಗೆ ಲ್ಯಾಪ್‌ಟಾಪ್ ಅವಳ ಕೈಯಿಂದ ಹಾರಿತು.

ಕಂಬದ ಬಳಿ ಯಾರೂ ಇರಲಿಲ್ಲ. ಮುನೇಶ ಅಜ್ಜುವಿನ ಸೊಂಟ ಹಿಡಿದುಕೊಂಡ. ಪದ್ಮಶ್ರೀ ಹಗ್ಗದ ಗಂಟಿಗೆ ಹಲ್ಲು ಹಚ್ಚಿದಳು.

“ಮಿಸ್,” ಅಜ್ಜುವಿನ ಒಡೆದ ತುಟಿ ಅಲುಗಿತು. “ಅವ್ನ್ ಹೆಸ್ರು ತೆಗೀರಿ... ಸಾಯ್ತಾನೆ.”

ಅವಳಿಗೆ ಕೇಳಿಸಿತು. ಬೆನ್ನ ಹಿಂದೆ ಮೂಳೆ ಮುರಿದದ್ದೂ ಕೇಳಿಸಿತು. ತಿರುಗಲಿಲ್ಲ. ತಿರುಗಿದರೆ ಆ ಜನರೂ ಇತ್ತ ತಿರುಗುತ್ತಾರೆ.

“ಮುನೇಶ, ಬಿಗಿಯಾಗಿ ಹಿಡ್ಕೋ,” ಎಂದಳು. ಮತ್ತೆ ಹಗ್ಗ ಕಚ್ಚಿದಳು.