ಮಗನ ತರ್ಜುಮೆ

ಹಗ್ಗವನ್ನು ಒಂದೇ ಸಮ ಬಿಡಿ ಎಂದು ಸ್ಮಶಾನದ ನೌಕರ ಕೈಸನ್ನೆ ಮಾಡಿದ. ಯಶವಂತನ ಕಡೆಯ ಹಗ್ಗ ತುಸು ಬೇಗ ಜಾರಿತು. ಅವನ ತಾಯಿ ಗೌರಕ್ಕನ ಪೆಟ್ಟಿಗೆ ಓರೆಯಾಗಿ ಗುಂಡಿಯ ತಳ ಮುಟ್ಟಿತು.

"ಕೂಡ್ರಿಸಿ ಮಣ್ಣು ಮಾಡಬೇಕಿತ್ತು. ಏನ್ ಮಾಡೂದು, ಇಲ್ಲಿ ಸ್ಮಶಾನದವ್ರು ಒಪ್ಪಂಗಿಲ್ಲ," ಎಂದು ಬಾಳಪ್ಪ ವಿಭೂತಿ ಗಟ್ಟಿಯನ್ನು ಅವನ ಕೈಗಿಟ್ಟರು. ಜರ್ಮನಿಯ ಈ ರೆನ್ನಿಂಗೆನ್ ಊರಿನ ಕನ್ನಡಿಗರಲ್ಲಿ ಅವರೇ ಹಿರಿಯರು.

ಯಶವಂತ ಗುಂಡಿಯೊಳಗೆ ವಿಭೂತಿ ಬಿಟ್ಟ. ಹೆಂಡತಿ ರಚನಾ ಒಣಗಿದ ಬಿಲ್ವದೆಲೆ ಹಾಕಿದಳು. ಹನ್ನೆರಡು ವರ್ಷದ ಮಗಳು ಪವಿ ಒಂದು ಹಿಡಿ ಮಣ್ಣು ಹಾಕಿ, ಅಪ್ಪನ ಪಕ್ಕಕ್ಕೆ ಬರದೆ ದೂರ ನಿಂತಳು.

"ಪುಣ್ಯವಂತಿ," ಎಂದರು ಬಾಳಪ್ಪ. "ಗದಗಿನ್ಯಾಗ ಖಾನಾವಳಿಗೆ ರೊಟ್ಟಿ ಬಡದು ಮಗನ್ನ ಓದಿಸಿದ್ಲು. ಮಗಾ ಇಲ್ಲಿ ತಂದು ಬೆಚ್ಚಗ ಇಟ್ಟ. ಆ ಗಾಜಿನ ಬಾಗಲದ ಒಲಿ, ದಿನಾ ಬೆಂಕಿ... ಯಾರು ಮಾಡ್ತಾರ ಇಷ್ಟು?"

ಸುತ್ತಲಿದ್ದವರು ತಲೆಯಾಡಿಸಿದರು. ಯಶವಂತ ತನ್ನ ಬೂಟಿಗೆ ಅಂಟಿದ ಮಣ್ಣನ್ನು ನೋಡುತ್ತ ನಿಂತ.

*

ಗ್ಯಾಸಿಗೆ ತತ್ವಾರವಾದ ವರ್ಷ ಅವನು ಮನೆ ಬೆಚ್ಚಗಿಡಲು ನಡುಮನೆಯಲ್ಲಿ ಸೌದೆಯ ಒಲೆ ಹಾಕಿಸಿದ್ದ. ಶನಿವಾರ ತಾನೇ ಕಟ್ಟಿಗೆ ಒಡೆಯುತ್ತಿದ್ದ. ಬಂದವರಿಗೆಲ್ಲ ಹೇಳುತ್ತಿದ್ದ, "ಗ್ಯಾಸ್ ಸುಟ್ರ ಭೂಮಿ ಕಾಯ್ತದ. ಮರ ಹಂಗಲ್ಲ. ಬೆಳೀವಾಗ ಹೀರಿದ ಕಾರ್ಬನ್ ವಾಪಸ್ ಬಿಡ್ತದ, ಅಷ್ಟ."

ಗೌರಕ್ಕ ಗದಗಿನಿಂದ ಬಂದ ದಿನವೇ ಬೆಂಕಿ ಹೊತ್ತಿಸಿ, "ನೋಡವಾ, ನಿನ್ನ ಒಲಿ," ಎಂದಿದ್ದ. ಅವಳು "ಛಲೋ ಅದ," ಎಂದು ಕುರ್ಚಿಯನ್ನು ಹೊರಬಾಗಿಲ ಹತ್ತಿರಕ್ಕೆ ಸರಿಸಿಕೊಂಡಳು.

ಮರುವರ್ಷದ ಬೇಸಿಗೆಯಲ್ಲಿ ಎರಡು ವಾರ ಮೂವತ್ತೇಳು ಡಿಗ್ರಿ ಬಿಸಿಲು. ಗಾಳಿ ಅಲ್ಲಾಡಲಿಲ್ಲ. ಆಗ ಹಿಡಿದ ಉಬ್ಬಸ ಮಳೆ ಬಂದರೂ ಇಳಿಯಲಿಲ್ಲ. ಅಕ್ಟೋಬರಿನಲ್ಲಿ ಒಲೆ ಮತ್ತೆ ಹೊತ್ತಿತು. ಮೆಟ್ಟಿಲು ಹತ್ತುವಾಗ ಗೌರಕ್ಕ ನಡುವೆ ಎರಡು ಸಲ ಕೂರತೊಡಗಿದಳು.

ಶ್ವಾಸಕೋಶದ ಡಾಕ್ಟರ ಬಳಿ ಕರೆದೊಯ್ದ. ಶಾಲೆಗೆ ರಜೆಯಿದ್ದ ಪವಿಯೂ ಬಂದಿದ್ದಳು. ಕೊಳವೆ ಊದಿಸಿ ನೋಡಿದ ಮೇಲೆ ಡಾಕ್ಟರು, ಇವರು ಸಿಗರೇಟು ಸೇದುತ್ತಿದ್ದರೇ ಎಂದು ಕೇಳಿದರು. ಯಶವಂತ ನಕ್ಕುಬಿಟ್ಟ. ಉಸಿರಾಟ ಯಾವಾಗ ಹೆಚ್ಚು ತೊಂದರೆ ಕೊಡುತ್ತದೆ ಎಂದು ಕೇಳಿದಾಗ ಅದನ್ನು ತಾಯಿಗೆ ಕನ್ನಡದಲ್ಲಿ ದಾಟಿಸಿದ.

"ಒಲಿ ಹಚ್ಚಿದಾಗ," ಎಂದಳು ಗೌರಕ್ಕ. "ಬೂದಿ ತಗೀವಾಗೂ."

ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು.

"ಚಳಿ ಹೆಚ್ಚಾದಾಗ," ಎಂದ ಯಶವಂತ ಜರ್ಮನ್‌ನಲ್ಲಿ.

ಡಾಕ್ಟರು ಬರೆದು ಮುಗಿಸುವುದರೊಳಗೆ, ಚಳಿಯಾದಾಗಲೇ ಅಲ್ಲವೇ ಒಲೆ ಹಚ್ಚುವುದು, ಹಾಗಾಗಿ ಇದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೂಲೆಯ ಕುರ್ಚಿಯಲ್ಲಿದ್ದ ಪವಿ ಫೋನಿನಿಂದ ತಲೆ ಎತ್ತಿದಳು.

ಹೊರಗೆ ಬಂದ ಮೇಲೆ ಗೌರಕ್ಕ ಕೇಳಿದಳು, "ಏನಂದ್ರು?"

"ಬೆಚ್ಚಗ ಇರಬೇಕಂತ. ಉಸಿರಿನ ಪಂಪ್ ಬರದುಕೊಟ್ಟಾರ."

"ಒಲಿ ವಿಷಯ ಹೇಳಿದೆಲ್ಲ?"

"ಹೇಳಿದ್ನೆವಾ."

ಡಾಕ್ಟರೇ ಬೇಡ ಅನ್ನದ ಮೇಲೆ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಂದಿನಿಂದ ಮಧ್ಯಾಹ್ನ ಪಕ್ಕದ ಮನೆಯ ಫ್ರಾವ್ ಕೆಸ್ಲರ್ ಎಂಬ ಮುದುಕಿಯಲ್ಲಿಗೆ ಹೋಗತೊಡಗಿದಳು. "ಭಾಷಾ ಬರಂಗಿಲ್ಲ, ಅಲ್ಲೇನ್ ಹರಟಿ ಹೊಡೀತಾಳ?" ಎಂದು ಯಶವಂತ ಗೊಣಗಿದ್ದ. "ಹೋಗ್ಲಿ ಬಿಡಿ, ಅವ್ರಿಗೂ ಬೋರ್ ಆಗತ್ತೆ," ಎಂದಿದ್ದಳು ಮೈಸೂರಿನ ರಚನಾ.

ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಗೌರಕ್ಕ ತೀರಿಕೊಂಡಳು.

*

ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದರು. ಫ್ರಾವ್ ಕೆಸ್ಲರ್ ಒಳಗೆ ಬರಲೊಪ್ಪದೆ ಗೇಟಿನ ಬಳಿಯೇ ಯಶವಂತನನ್ನು ಕರೆದು, ಮಡಿಸಿದ ನೀಲಿ ಶಾಲೊಂದನ್ನು ಕೊಟ್ಟರು.

"ನಿಮ್ಮ ತಾಯಿಯದು. ಮನೆಯಿಂದ ಹೊದ್ದು ಬಂದ ಶಾಲನ್ನು ನನ್ನ ಬಾಗಿಲ ಹೊರಗೆ ಮೊಳೆಗೆ ಹಾಕುತ್ತಿದ್ದರು. ಒಳಗೆ ಬಂದು, ನನ್ನಲ್ಲೇ ಇಟ್ಟಿದ್ದ ಇದನ್ನು ಹೊದೆಯುತ್ತಿದ್ದರು. ವಾರಕ್ಕೊಮ್ಮೆ ನಾನು ಒಗೆದಿಡುತ್ತಿದ್ದೆ."

"ಯಾಕೆ?" ಎಂದ ಯಶವಂತ. ಉತ್ತರ ಗೊತ್ತಿತ್ತು.

"ಮೊದಲ ದಿನ ನಿಮ್ಮ ಚಿಮಣಿಯ ಹೊಗೆ ತೋರಿಸಿ, ಹೊದ್ದಿದ್ದ ಶಾಲನ್ನು ಮೂಸಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ಹಿತ್ತಲ ಕಡೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟೆ. ಎರಡು ತಾಸು ಕೂತು ಉಸಿರಾಡುತ್ತಿದ್ದರು. ನಾವು ಮಾತೇ ಆಡಲಿಲ್ಲ." ಅವರ ಧ್ವನಿ ಸಣ್ಣದಾಯಿತು. "ಬಂದು ನಿಮಗೆ ಹೇಳಬೇಕಿತ್ತು. ನೆರೆಯವರ ಚಿಮಣಿಯ ಮಾತು ನನಗೇಕೆ ಎಂದು ಸುಮ್ಮನಿದ್ದೆ. ಈಗ ನಾಚಿಕೆಯಾಗುತ್ತದೆ."

ನಿಜ ಹೇಳಿಬಿಡಲು ಅದಕ್ಕಿಂತ ಸುಲಭದ ಗಳಿಗೆ ಸಿಗುತ್ತಿರಲಿಲ್ಲ. ಯಶವಂತ ಬಾಯಿ ತೆರೆದ.

"ಡಾಕ್ಟರ್ ಕೂಡ ಏನೂ ಕೇಳಲಿಲ್ಲ," ಎಂದ.

"ದೊಖ್," ಎಂದಳು ಹಿಂದೆ ನಿಂತಿದ್ದ ಪವಿ. ಇಲ್ಲವೆಂದದ್ದನ್ನು ಹೌದೆನ್ನಲು ಜರ್ಮನ್‌ನಲ್ಲಿ ಅದೊಂದೇ ಪದ ಸಾಕು. ಆಮೇಲೆ ಕನ್ನಡದಲ್ಲಿ, ಅಜ್ಜಿಯ ಧಾಟಿಯಲ್ಲೇ ಹೇಳಿದಳು, "ಕೇಳಿದ್ರು, ಪಪ್ಪಾ. ಆಯಿ ಹೇಳಿದ್ಲು."

ಒಳಗಿಂದ ಬಾಳಪ್ಪ, "ಯಶವಂತಾ, ಉಣ್ಣಾಕ ಬಾರಪಾ," ಎಂದು ಕೂಗಿದರು. ಅವನು ಅಲುಗಲಿಲ್ಲ. ಪವಿ ಅವನ ಕೈಯಿಂದ ಶಾಲು ತೆಗೆದುಕೊಂಡು ಫ್ರಾವ್ ಕೆಸ್ಲರ್ ಜೊತೆ ಅವರ ಮನೆಯತ್ತ ನಡೆದಳು. ಬಾಗಿಲಲ್ಲಿ ನಿಂತು, ತನ್ನ ಜಾಕೆಟ್ ಬಿಚ್ಚಿ ಹೊರಗಿನ ಮೊಳೆಗೆ ತೂಗುಹಾಕಿ, ಒಳಗೆ ಹೋದಳು.