ರೇಡಿಯೇಟರಿಗೆ ಹುಣಸೆ ನೀರು

ವೈಶಾಖದ ಬಿಸಿಲು ಬೆಳಗಿನ ಎಂಟಕ್ಕೇ ಅಂಗಳದ ಫರಸಿಯನ್ನು ಕಾಯಿಸಿತ್ತು. ಭೀಮಸೇನ ಹಳೆಯ ಕಾರಿನ ರೇಡಿಯೇಟರಿನ ತಳದ ನಲ್ಲಿ ಬಿಚ್ಚಿ, ಸುರಿಯುವ ನೀರನ್ನು ಬಕೆಟ್ಟಿಗೆ ಹಿಡಿಯುತ್ತಿದ್ದ. ನೀರು ತುಕ್ಕಿನ ಬಣ್ಣಕ್ಕಿತ್ತು, ಜೊತೆಗೆ ಸುಣ್ಣದ ಚೂರುಗಳು. ಬರೋಡಾದ ಬೋರಿನ ನೀರು ಗಡಸು. ಕಾದಷ್ಟೂ ಒಳಗೆ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ಎಂಜಿನ್ನು ಬಹಳ ದೂರ ಓಡುವುದಿಲ್ಲ, ಕುದಿಯುತ್ತದೆ.

ಕಾರು ಬ್ಯಾಂಕಿನ ಪಟ್ಟಾಭಿರಾಮರದು, ಮೈಸೂರಿನ ಕಡೆಯವರು. ಭೀಮಸೇನ ಬಾಗಲಕೋಟೆ ಕಡೆಯವ, ಮಕರಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎಂಟು ವರ್ಷದ ಹಿಂದೆ ಊರಿಗೆ ಕರ್ಫ್ಯೂ ಬಿದ್ದಾಗ, ಹೆರಿಗೆ ನೋವು ತಿನ್ನುತ್ತಿದ್ದ ಅವನ ಹೆಂಡತಿ ಸುಲೋಚನಾಳನ್ನು ಪಟ್ಟಾಭಿರಾಮರು ಇದೇ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದರು. ತಾಯಿ ಮಗಳು ಇಬ್ಬರೂ ಉಳಿದರು. ಅಂದಿನಿಂದ ಭೀಮಸೇನನ ರವಿವಾರಗಳು ಈ ಕಾರಿಗೆ.

ಈಗ ಪಟ್ಟಾಭಿರಾಮರ ಹೆಂಡತಿ ಇಂದಿರಮ್ಮನವರ ಎರಡೂ ಮೂತ್ರಪಿಂಡ ಸೋತಿದ್ದವು. ವಾರಕ್ಕೆರಡು ಸಲ ಅಹಮದಾಬಾದಿನಲ್ಲಿ ಡಯಾಲಿಸಿಸ್, ಬರೋಡಾಕ್ಕೆ ಆ ಯಂತ್ರ ಇನ್ನೂ ಬಂದಿರಲಿಲ್ಲ. ರೈಲು ಹತ್ತಲು ಕಾಲೇಳದು. ಈ ಕಾರಿನ ಹಿಂದಿನ ಸೀಟಿನಲ್ಲಿ ಮಂಚದ ಮೇಲಿನ ಹಾಗೆ ಒರಗಬಹುದಿತ್ತು. ಗುರುವಾರ ಕಾರು ಕುದಿದು ಅರ್ಧ ದಾರಿಯಿಂದ ಮರಳಿದ್ದರು. ಒಂದು ಸರದಿ ತಪ್ಪಿದ್ದಕ್ಕೇ ಮುಖ ಊದಿಕೊಂಡಿತ್ತು. ನಾಳೆ ಸೋಮವಾರ ಮುಟ್ಟಲೇಬೇಕು. ರೇಡಿಯೇಟರ್ ಕಳಚಿ ನಳಿಗೆಗಳಿಗೆ ಸಲಾಕೆ ಹಾಕಿ ಪೊರೆ ತೆಗೆಸೋಣವೆಂದರೆ ಅಂಗಡಿ ರವಿವಾರ ಮುಚ್ಚಿರುತ್ತದೆ.

ಪಟ್ಟಾಭಿರಾಮರು ಔಷಧಿ ತರಲು ಹೋಗಿದ್ದರು. ಇಂದಿರಮ್ಮ ಹುಣಸೆಹಣ್ಣಿನ ಉಂಡೆ ಹಿಡಿದು ಬಾಗಿಲಿಗೆ ಬಂದು ಕೂತರು.

“ಬಚ್ಚಲ ಹಂಡೆಗೆ ನಾನು ಇದನ್ನೇ ಹಾಕ್ತಿದ್ದೆ ಭೀಮಸೇನ. ಬೆಳಗಾಗೋದ್ರಲ್ಲಿ ಹೊಸದಾಗಿರ್ತಿತ್ತು. ಇದೂ ತಾಮ್ರ ತಾನೆ?”

“ಹಂಡೇದ ಬಾಯಿ ಅಗಲ ಇರ್ತದ್ರೀ ಅಕ್ಕಾರ, ಕೈ ಹಾಕಿ ತಿಕ್ಕಬಹುದು. ಇದರ ನಳಿಗಿ ಭಾಳ ಸಣ್ಣವು.”

“ಈ ಕೈಯಲ್ಲಿ ಇನ್ನೇನು ಕೆಲಸ ಆಗತ್ತಪ್ಪಾ? ಇದೊಂದಾದ್ರೂ ಮಾಡಿಕೊಡ್ತೀನಿ.”

ಊದಿದ ಬೆರಳುಗಳಿಂದ ಅವರೇ ಕಿವುಚಿ, ಬಟ್ಟೆಯಲ್ಲಿ ಸೋಸಿ ಕೊಟ್ಟರು. ಬೇಡವೆನ್ನಲು ಭೀಮಸೇನನಿಗೆ ಬಾಯಿ ಬರಲಿಲ್ಲ. ಹುಣಸೆ ನೀರು ತುಂಬಿ ಒಂದು ತಾಸು ಎಂಜಿನ್ನು ಓಡಿಸಿದ. ಆಮೇಲೆ ತಿಳಿ ನೀರು ಬರುವತನಕ ತೊಳೆದು, ಮಕರಪುರದವರೆಗೆ ಹೋಗಿ ಬಂದ. ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ನಿಮ್ಮ ಫ್ಯಾಕ್ಟರಿಗೆ ನನ್ನನ್ನೂ ಸೇರಿಸಿಕೋ ಎಂದು ಇಂದಿರಮ್ಮ ನಕ್ಕರು.

ಸೋಮವಾರ ಭೀಮಸೇನನೂ ಜೊತೆಗೆ ಹೊರಟ. ಆಣಂದ್ ದಾಟಿದ ಮೇಲೆ ಮುಳ್ಳು ಏರತೊಡಗಿತು. ಎಂಜಿನ್ನಿನ ಹೊಟ್ಟೆಯೊಳಗೆ ಹುಳಿಗೆ ಸಡಿಲಾಗಿ ಉಳಿದಿದ್ದ ಪೊರೆ, ಬಿಟ್ಟುಕೊಂಡು ಬಂದು ನಳಿಗೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ನಡಿಯಾದ್ ಇನ್ನೂ ದೂರವಿರುವಾಗಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ತಣ್ಣೀರು ಸುರಿ ಎಂದರು ಪಟ್ಟಾಭಿರಾಮರು.

“ಈಗ ಸುರದ್ರ ಎಂಜಿನ್ನಿನ ಹೆಡ್ ಸೀಳ್ತದ್ರೀ ಸಾಹೇಬ್ರ. ಆರೂತನಾ ಕಾಯಬೇಕು.”

“ಅವಳು ಕಾಯಲ್ಲ ಕಣೋ.”

ಹಿಂದಿನ ಸೀಟಿನಲ್ಲಿ ಉಸಿರು ಮೇಲೆಮೇಲೆ ಓಡುತ್ತಿತ್ತು. ಭೀಮಸೇನ ಒದ್ದೆ ಗೋಣಿಚೀಲ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿನೀರು ಚಿಮ್ಮಿ ಮೊಣಕೈವರೆಗೆ ಸುಟ್ಟಿತು. ಕೈ ಮಾಡಿದರೂ ಲಾರಿಗಳು ನಿಲ್ಲಲಿಲ್ಲ. ಮುಕ್ಕಾಲು ತಾಸಿನ ಮೇಲೆ ಒಂದು ಜೀಪು ಸಿಕ್ಕಿತು. ಅಹಮದಾಬಾದು ಮುಟ್ಟುವ ಮೊದಲೇ ಇಂದಿರಮ್ಮನವರ ಉಸಿರು ನಿಂತಿತು.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಪಟ್ಟಾಭಿರಾಮರು ಅವನನ್ನು ಕರೆಸಿದರು. ಅಂಗಡಿಯವನು ರೇಡಿಯೇಟರ್ ಬಿಚ್ಚಿ ನೋಡಿದ್ದ. ನಳಿಗೆಗಳ ತುಂಬ ಸುಣ್ಣದ ಚೂರು, ಯಾವುದೋ ಹುಳಿ ಹಾಕಿದ್ದಾರೆ ಎಂದಿದ್ದ.

“ಏನು ಹಾಕಿದ್ದೆ?”

“ಹುಣಸಿ ನೀರ್ರೀ.”

“ಯಾರು ಹೇಳಿದ್ದು ನಿನಗೆ?”

ಭೀಮಸೇನ ಸುಟ್ಟ ಕೈಯ ಪಟ್ಟಿ ನೋಡಿಕೊಂಡ. ಯಾರೂ ಹೇಳಲಿಲ್ಲ, ತನ್ನದೇ ತಲೆ ಎಂದ. ಪಟ್ಟಾಭಿರಾಮರು, ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎಂದರು.

ಮನೆಯಲ್ಲಿ ಸುಲೋಚನಾ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು ಎಂದಳು.

“ಹೋದವರ ಮ್ಯಾಲ ಹಾಕ್ಲೇನು?”

ಅವಳು ಮಲಗಿದ್ದ ಮಗಳ ಕಡೆ ನೋಡಿದಳು. “ಅವರ ಋಣ?”

“ಉಳೀತು,” ಎಂದ ಭೀಮಸೇನ.