ಯತ್ತಪ್ಪನ ಮೊಳೆ ಚೀಲ

"ತಡೀರಪ್ಪಾ, ಪೆಟ್ಟಿಗೆ ಎತ್ತಬ್ಯಾಡ್ರಿ! ಸಾಕ್ಷಿ ಸಿಕ್ತು!"

ಟೆಂಪೋ ಓಡಿಸುವ ಹರೀಶ ಯತ್ತಪ್ಪನ ಪಂಕ್ಚರ್ ಅಂಗಡಿಯ ಮೂಲೆಯಿಂದ ಸಿಮೆಂಟ್ ಚೀಲವೊಂದನ್ನು ದರದರನೆ ಎಳೆದು ತಂದ. ಯತ್ತಪ್ಪನ ಶವಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದ್ದವರು ಹಾಗೇ ನಿಂತರು. ಚೀಲದ ತುಂಬ ಮೊಳೆ, ಸ್ಕ್ರೂ, ತಂತಿ ಚೂರು.

"ಭರಮಸಾಗರದ ಟೈರ್‌ಗಳನ್ನೆಲ್ಲ ಚುಚ್ಚಿದ ವಿಲನ್ನು ಇಲ್ಲೇ ಮಲಗವ್ನೆ ನೋಡ್ರಿ! ರಾತ್ರಿ ಚೆಲ್ಲಾದು, ಬೆಳಗ್ಗೆ ಪಂಕ್ಚರ್ ಹಾಕಾದು. ಡಬಲ್ ಆಕ್ಟಿಂಗು! ಮ್ಯಾಲೆ ಭಾನುವಾರ ಹಾಲೇಲೂಯ!"

ಯತ್ತಪ್ಪನ ಅಣ್ಣ ನಾಗಣ್ಣನ ಮುಖ ಬಿಗಿಯಿತು. ತಮ್ಮ ಚರ್ಚಿಗೆ ಸೇರಿದ ಮೇಲೆ ಅವನು ಈ ಅಂಗಡಿಗೆ ಕಾಲಿಟ್ಟಿರಲಿಲ್ಲ. ತನ್ನ ಹೊಲದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಲು ಬೆಳಗ್ಗೆಯಷ್ಟೇ ಒಪ್ಪಿದ್ದ. ಅದೂ ಯತ್ತಪ್ಪನ ಹೆಂಡತಿ ಓಬಕ್ಕ ಕಾಲು ಹಿಡಿದಳೆಂದು.

"ಹೊಲದಾಗೆ ಜಾಗ ಇಲ್ಲ ಕಣಮ್ಮ. ಇಂಥೋನ್ನ ನಮ್ಮಪ್ಪನ ಪಕ್ಕ ಮಲಗಿಸ್ಲಾ?"

"ಅವು ಚೆಲ್ಲಾಕಲ್ಲ ಭಾವ. ರಸ್ತೆಯಿಂದ ಆರಿಸಿದ್ದು."

"ಪಂಕ್ಚರ್‌ನೋನು ಮೊಳೆ ಆರಿಸ್ತಾನಂತೆ!" ಹರೀಶ ನಕ್ಕ. "ಡಾಕ್ಟ್ರು ಸೊಳ್ಳೆ ಹೊಡ್ದಂಗೆ!"

* * *

ದೀಕ್ಷಾಸ್ನಾನ ಆದ ವಾರ ಯತ್ತಪ್ಪ ಪಾಸ್ಟರನ್ನು ಕೇಳಿದ್ದ: "ಅಂಗಡಿ ಬಿಟ್ಟು ಸುವಾರ್ತೆ ಸಾರಾಕೆ ಬರ್ಲಾ ಅಯ್ಯನೋರೆ?"

"ಮಾತಾಡೋರು ಬೇಕಾದಷ್ಟು ಜನ ಅವ್ರೆ. ನಿನ್ನ ಅಂಗಡಿ ಮುಂದೆ ಕರ್ತನೇ ಗಾಡಿ ಓಡಿಸ್ಕಂಡು ಬರ್ತಾನೆ ಅಂದ್ಕ. ಏನ್ ಮಾಡ್ತೀಯ?"

ಮರುದಿನ ಬೆಳಗಾಗುತ್ತಲೇ ಯತ್ತಪ್ಪ ರಸ್ತೆಯಲ್ಲಿ ಬಗ್ಗಿ ಮೊಳೆ ಆರಿಸತೊಡಗಿದ.

"ಎಲ್ಲಾ ಆರಿಸಿಬಿಟ್ರೆ ಪಂಕ್ಚರ್ ಯಾರಿಗ್ರೀ ಆಗ್ತೈತೆ? ಏನ್ ತಿನ್ನಾಣ?" ಓಬಕ್ಕ ಬೈದಿದ್ದಳು.

"ಟೈರಿನ ಗಾಳಿ ತಾನಾಗೇ ಇಳೀತೈತೆ ಬಿಡೆ. ತುಂಬಿಸ್ಕಣಾಕೆ ಬರ್ತಾರೆ."

"ಗುಜರಿಗಾದ್ರೂ ಹಾಕ್ರಿ."

"ಗುಜರಿ ಗಾಡಿಯಿಂದ್ಲೇ ಉದುರಿರಾದು. ಮತ್ತೆ ರಸ್ತೆಗೇ ಬೀಳ್ತಾವೆ."

* * *

"ಕತೆ ಸಾಕು, ಈಗ ಕ್ಲೈಮ್ಯಾಕ್ಸ್! ಊರೆಲ್ಲ ನೋಡ್ಲಿ!" ಹರೀಶ ಚೀಲವನ್ನೆತ್ತಿ ರಸ್ತೆಗೆ ಸುರಿದ. ಮೊಳೆಗಳು ಡಾಂಬರಿನ ಮೇಲೆ ಚಿಮ್ಮಿ ಹರಡಿದವು. ದೂರದಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು.

ಓಬಕ್ಕ ಪೆಟ್ಟಿಗೆ ಬಿಟ್ಟು ರಸ್ತೆಗೆ ಓಡಿದಳು. ಮಂಡಿಯೂರಿ, ಸೆರಗು ಹಾಸಿ, ಮೊನೆ ಮೇಲಾಗಿದ್ದ ಮೊಳೆಗಳನ್ನು ಮೊದಲು ಆರಿಸತೊಡಗಿದಳು.

"ಗಂಡನ ಹೆಣ ಬಿಟ್ಟು ಇದೇನು ನಾಟಕ? ಏಳು!" ನಾಗಣ್ಣ ಗದರಿದ.

"ಅವ್ರು ಕಾಯ್ತಾರೆ ಭಾವ. ಗಾಡಿಗಳು ಕಾಯಲ್ಲ."

ನಾಗಣ್ಣ ಅವಳನ್ನೇ ನೋಡಿದ. ಲಾರಿ ಹತ್ತಿರವಾಗುತ್ತಿತ್ತು. ಹೆಗಲ ಟವೆಲ್ ಬೀಸುತ್ತ ರಸ್ತೆಯ ನಡುವೆ ಹೋಗಿ ನಿಂತ. ಲಾರಿ ಕಿರುಗುಟ್ಟಿ ನಿಂತಿತು. ಅವನು ಹರೀಶನ ಕಡೆ ತಿರುಗಿದ.

"ಇಷ್ಟು ವರ್ಷದಾಗೆ ರಸ್ತೆಗೆ ಮೊಳೆ ಚೆಲ್ಲಿದೋನು ಅಂತ ನಾನು ಕಣ್ಣಾರೆ ನೋಡಿದ್ದು ನಿನ್ನೊಬ್ಬನ್ನೇ ಕಣಲೇ."

ಹರೀಶ ಖಾಲಿ ಚೀಲವನ್ನು ಬೆನ್ನ ಹಿಂದೆ ಸರಿಸಿದ.

ನಾಗಣ್ಣ ಹೊಲದಲ್ಲಿದ್ದವರಿಗೆ ಫೋನ್ ಹಚ್ಚಿ ಅರಚಿದ: "ಅಪ್ಪನ ಪಕ್ಕಾನೇ ಅಗೀರಲೇ! ನಾವು ಬರಾದು ಹೊತ್ತಾಗ್ತೈತೆ."

ಓಬಕ್ಕ ತೆವಳುತ್ತ ಹರೀಶನ ಹತ್ತಿರ ಬಂದಳು.

"ಕಾಲೆತ್ತಪ್ಪ."

ಅವನು ಒಂಟಿ ಕಾಲಲ್ಲಿ ನಿಂತ. ಚಪ್ಪಲಿಯ ಅಟ್ಟೆಗೆ ಮೊಳೆಯೊಂದು ನೆಟ್ಟಿತ್ತು. ಅವಳು ಅದನ್ನು ಕಿತ್ತು ಸೆರಗಿಗೆ ಹಾಕಿಕೊಂಡು, ಇನ್ನೊಂದು ಕಾಲನ್ನು ತಟ್ಟಿದಳು.